ಕೋಲಾರದ ನೀರೂ ನಮ್ಮ ಹಲ್ಲೂ

ತರಗತಿಯಲ್ಲಿ ಯಾರಾದರೂ ಹಾಸ್ಯದ ಮಾತನ್ನಾಡಿದಾಗ ಕೆಲವರು ಬಾಯಿಗೆ ಕೈ ಅಡ್ಡವಿಟ್ಟು ನಗುವುದನ್ನು ನೀವು ಗಮನಿಸಿರಬಹುದು. ಅದನ್ನು ಬರಿಯ ನಾಚಿಕೆಯೆಂದೇ ನಾನು ಬಹುಕಾಲ ಎಣಿಸಿದ್ದೆ. ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳೂ ಹಾಗೆಯೇ ನಗುತ್ತಾಳೆ. ಆಕೆಯ ಮುಂದಿನ ಹಲ್ಲುಗಳ ಮೇಲೆ ಕಂದುಬಣ್ಣದ ಅಡ್ಡಪಟ್ಟೆಗಳಿವೆ. ಹೆಣ್ಣು ನೋಡಲು ಬಂದವರೊಬ್ಬರು, "ಹುಡುಗಿಗೆ ಹೊಗೆಸೊಪ್ಪಿನ ಅಭ್ಯಾಸವಿದೆಯೇ?" ಎಂದು ಕೇಳಿದರಂತೆ. ಆಕೆ ಎಲೆಅಡಿಕೆಯನ್ನು ಸಹ ಮುಟ್ಟಿದವಳಲ್ಲ. ಆ ಕಲೆಯನ್ನು ಕೊಟ್ಟದ್ದು ಊರಿನ ಕೊಳವೆ ಬಾವಿ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ನೆಲ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಈ ಬಂಡೆಗಳಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಮೊದಲಾದ ಖನಿಜಗಳುಂಟು. ನೀರು ಬಂಡೆಯ ಸೀಳುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅವುಗಳಿಂದ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಮೆಯಾಗಿ ಸೋಡದ ಅಂಶ ಹೆಚ್ಚಿದ್ದರೆ ಕರಗುವಿಕೆ ಇನ್ನೂ ಅಧಿಕ. ನಮ್ಮ ಹಿರಿಯರು ಕುಡಿದದ್ದು ಕೆರೆಯ, ಕಲ್ಯಾಣಿಯ, ತೆರೆದ ಬಾವಿಯ ನೀರು. ಬಂಡೆಯೊಡನೆ ಅದರ ಸಹವಾಸ ಸ್ವಲ್ಪ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಕೆರೆಗಳು ಒಣಗಿದ ಮೇಲೆ ನಾವು ಸಾವಿರ ಅಡಿಯನ್ನೂ ದಾಟಿ ಕೊರೆದೆವು.

ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಎಂಬುದು ಭಾರತೀಯ ಮಾನಕ. ಸ್ವಲ್ಪವಿದ್ದರೆ ಹಲ್ಲಿಗೆ ಒಳಿತು, ಮೀರಿದರೆ ಕೇಡು. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನಲ್ಲಿ ಮೆಕೇ ಎಂಬ ದಂತವೈದ್ಯರು 1901ರಲ್ಲಿ ಇಂಥದೇ ಕಲೆಗಳನ್ನು ಕಂಡರು. ಕಾರಣ ಫ್ಲೋರೈಡೆಂದು ತಿಳಿಯಲು 1931 ಆಗಬೇಕಾಯಿತು. ನಮ್ಮ ದೇಶದಲ್ಲಿ ಈ ರೋಗ ಮೊದಲು ವರದಿಯಾದುದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ.

ಶಾಶ್ವತ ಹಲ್ಲುಗಳ ಹೊರಕವಚ ಸಿದ್ಧವಾಗುವುದು ಹೆಚ್ಚುಕಡಮೆ ಎಂಟನೆಯ ವಯಸ್ಸಿನೊಳಗೆ. ಆ ಅವಧಿಯಲ್ಲಿ ಕುಡಿದ ನೀರಿನ ಗುರುತು ಜೀವಮಾನವಿಡೀ ಉಳಿಯುತ್ತದೆ. ಎಷ್ಟು ಉಜ್ಜಿದರೂ ಹೋಗದು. ಮೂಳೆಯ ಕಥೆ ಬೇರೆ. ಅಧಿಕ ಫ್ಲೋರೈಡಿನ ನೀರನ್ನು ಹತ್ತಾರು ವರ್ಷ ಕುಡಿದವರಿಗೆ ಕತ್ತು, ಬೆನ್ನು, ಮಂಡಿಗಳು ಬಿಗಿಯುತ್ತವೆ, ಬಗ್ಗಲಾಗದು, ಕೂರಲಾಗದು. ಮನೆಯವರು "ವಯಸ್ಸಾಯಿತು" ಎಂದುಬಿಡುತ್ತಾರೆ. ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿಯಿಲ್ಲ. ಹೊಟ್ಟೆಗೆ ಸಾಲದವರಲ್ಲಿ ಬಾಧೆ ಹೆಚ್ಚು. ಹಾಲಿನ ಸುಣ್ಣಾಂಶ ಫ್ಲೋರೈಡನ್ನು ಸ್ವಲ್ಪ ತಡೆಯಬಲ್ಲದು. ಆದರೆ ಕರೆದ ಹಾಲನ್ನೆಲ್ಲ ಡೈರಿಗೆ ಹಾಕಿ ಮಕ್ಕಳಿಗೆ ಕಪ್ಪು ಟೀ ಕೊಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಟೀ ಸೊಪ್ಪಿನಲ್ಲಿಯೂ ಫ್ಲೋರೈಡ್ ಇದೆಯೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ನೀರನ್ನು ಕಾಯಿಸಿದರೆ ಸರಿಹೋಗುತ್ತದೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಕಾಯಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ನಾಗಪುರದ ಸಂಶೋಧನಾಲಯದವರು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡನ್ನು ತಳಕ್ಕಿಳಿಸುತ್ತಾರೆ. ಇಂದು ಹಳ್ಳಿಗಳಲ್ಲಿ ಕಾಣುವುದು ನಾಣ್ಯ ಹಾಕಿ ಕ್ಯಾನು ತುಂಬುವ ಶುದ್ಧ ನೀರಿನ ಘಟಕ. ಅದು ಕೆಲಸ ಮಾಡುತ್ತದೆ, ಆದರೆ ಹೊರಚೆಲ್ಲುವ ನೀರಿನಲ್ಲಿ ಫ್ಲೋರೈಡ್ ಮೊದಲಿಗಿಂತ ಗಟ್ಟಿ. ಆ ನೀರನ್ನು ದನದ ತೊಟ್ಟಿಗೆ ತಿರುಗಿಸಿದ್ದುದನ್ನು ಒಂದು ಊರಿನಲ್ಲಿ ಕಣ್ಣಾರೆ ಕಂಡೆ.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರದ ಮೂಲಕ ನಮ್ಮ ಕೆರೆಗಳಿಗೆ ಹರಿದುಬರುತ್ತಿದೆ. ಅದು ಅಂತರ್ಜಲಕ್ಕಾಗಿ ಬಂದ ನೀರು, ಕುಡಿಯಲಿಕ್ಕಲ್ಲ. ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂಬ ಕೂಗಿನಲ್ಲಿ ನ್ಯಾಯವಿದೆಯೆಂದೇ ನನ್ನ ಅಭಿಪ್ರಾಯ.

ಚಿಕ್ಕಮ್ಮನ ಮನೆಯಲ್ಲಿ ಕುಡಿಯಲು ಮಾತ್ರ ಕ್ಯಾನಿನ ನೀರು, ಮುದ್ದೆಯ ಎಸರಿಗೆ ನಲ್ಲಿಯ ನೀರು ನಡೆದಿತ್ತು. ಮುದ್ದೆಯೂ ಸಾರೂ ನೀರೇ ಅಲ್ಲವೆ ಎಂದು ಕಳೆದ ರಜೆಯಲ್ಲಿ ಕೇಳಿದೆ. "ದಿನಕ್ಕೆ ಎರಡು ಕ್ಯಾನು ಹೊರುವವರು ಯಾರಪ್ಪ?" ಎಂದರು ಚಿಕ್ಕಮ್ಮ. ಅಕ್ಕನ ಮಗುವಿಗೆ ಈಗ ಮೂರು ವರ್ಷ. ಆ ಮಾತು ಕೇಳಿದ ತಂಗಿಯೇ ಎದ್ದು ಎರಡನೆಯ ಕ್ಯಾನನ್ನು ತರಲು ಹೊರಟಳು.