ಸೇವೆ ಕಲಿಕೆಯಾಗುವುದು ಹೇಗೆ?

ಕಾಲೇಜು ವಿದ್ಯಾರ್ಥಿಗಳು ತಾವು ಓದುವ ವಿಷಯವನ್ನು ಊರಿನ ನಿಜವಾದ ಅಗತ್ಯವೊಂದಕ್ಕೆ ಬಳಸಿ, ಆ ಕೆಲಸದ ಮೂಲಕವೇ ಪಾಠ ಕಲಿಯುವ ಕ್ರಮವನ್ನು ಸೇವಾ ಕಲಿಕೆ ಎನ್ನುತ್ತಾರೆ. ಕೆರೆಯ ದಂಡೆಯ ಕಸ ಹೆಕ್ಕುವುದು ಸೇವೆ. ಪ್ರಯೋಗಾಲಯದಲ್ಲಿ ನೀರಿನ ಗಡಸುತನ ಅಳೆಯುವುದು ಕಲಿಕೆ. ಕೆರೆಗೆ ಕೊಳಚೆ ಎಲ್ಲಿಂದ ಬರುತ್ತಿದೆ, ಅದರಲ್ಲಿ ಏನೇನಿದೆ ಎಂದು ಪರೀಕ್ಷಿಸಿ, ಫಲಿತಾಂಶವನ್ನು ಊರವರ ಮುಂದಿಟ್ಟು, ಮುಂದೇನು ಮಾಡಬೇಕೆಂದು ಅವರೊಂದಿಗೆ ಕೂತು ಯೋಚಿಸಿದಾಗ ಇವೆರಡೂ ಒಂದಾಗುತ್ತವೆ.

ಈ ವಿಚಾರ ಹೊಸದಲ್ಲ. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯವು 1936ರಲ್ಲೇ ವೈದ್ಯಕೀಯ ವಿದ್ಯಾರ್ಥಿಗಳನ್ನು ಹಳ್ಳಿಗಳ ಸೇವೆಗೆ ಕಳಿಸತೊಡಗಿತು. ಇಂದು ಆ ದೇಶದಲ್ಲಿ ಪದವಿ ಪಡೆಯಬೇಕಾದರೆ ಕನಿಷ್ಠ 480 ಗಂಟೆಗಳ ಸಮಾಜ ಸೇವೆ ಮಾಡಿರಬೇಕು. 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿ, ಕೈಕಸುಬಿನ ಸುತ್ತ ಇಡೀ ಶಿಕ್ಷಣವನ್ನು ಕಟ್ಟುವ ‘ನಯೀ ತಾಲೀಮ್’ ಪದ್ಧತಿಯನ್ನು ಮುಂದಿಟ್ಟರು. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲಿ ಪ್ರಕಟಿಸಿದ ‘ಎಕ್ಸ್‌ಪೀರಿಯನ್ಸ್ ಅಂಡ್ ಎಜುಕೇಶನ್’ ಕೃತಿಯಲ್ಲಿ ಮತ್ತೊಂದು ಮಾತು ಸೇರಿಸಿದರು: ಅನುಭವವೆಲ್ಲ ತಾನಾಗಿ ಶಿಕ್ಷಣವಾಗುವುದಿಲ್ಲ, ಅದನ್ನು ಯೋಜಿಸಬೇಕು, ಅದರ ಬಗ್ಗೆ ಚಿಂತಿಸಬೇಕು. 1984ರಲ್ಲಿ ಡೇವಿಡ್ ಕೋಲ್ಬ್ ಇದನ್ನೇ ನಾಲ್ಕು ಹಂತಗಳ ಚಕ್ರವಾಗಿ ವಿವರಿಸಿದರು. ಮಾಡುವುದು, ಮಾಡಿದ್ದನ್ನು ಮೆಲುಕು ಹಾಕುವುದು, ಅದರ ಹಿಂದಿನ ತತ್ವವನ್ನು ಗುರುತಿಸುವುದು, ಆ ತತ್ವವನ್ನು ಹೊಸ ಸಂದರ್ಭದಲ್ಲಿ ಪರೀಕ್ಷಿಸುವುದು ಆ ಹಂತಗಳು.

ಭಾರತದಲ್ಲಿ ವಿದ್ಯಾರ್ಥಿ ಸೇವೆಗೆ ದೇಶವ್ಯಾಪಿ ರೂಪ ಕೊಟ್ಟಿದ್ದು ರಾಷ್ಟ್ರೀಯ ಸೇವಾ ಯೋಜನೆ, ಕಾಲೇಜುಗಳಲ್ಲಿ ಎಲ್ಲರ ಬಾಯಲ್ಲಿರುವ ಎನ್ನೆಸ್ಸೆಸ್. 1948-49ರ ರಾಧಾಕೃಷ್ಣನ್ ಆಯೋಗ ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ಸಮಾಜ ಸೇವೆಯಲ್ಲಿ ತೊಡಗಬೇಕೆಂದು ಸಲಹೆ ನೀಡಿತ್ತು. ಎರಡು ದಶಕಗಳ ಚರ್ಚೆಯ ಬಳಿಕ, ಗಾಂಧಿ ಜನ್ಮಶತಾಬ್ದಿಯ ಹೊತ್ತಿನಲ್ಲಿ, 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಯೋಜನೆ ಆರಂಭವಾಯಿತು. ಅದಕ್ಕೆ ಚಾಲನೆ ಕೊಟ್ಟ ಅಂದಿನ ಕೇಂದ್ರ ಶಿಕ್ಷಣ ಸಚಿವ, ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು.

ಎನ್ನೆಸ್ಸೆಸ್ ಸ್ವಯಂಸೇವಕರು ವರ್ಷಕ್ಕೆ 120ರಂತೆ ಎರಡು ವರ್ಷಗಳಲ್ಲಿ 240 ಗಂಟೆ ಕೆಲಸ ಮಾಡಬೇಕು. ಅಧ್ಯಾಪಕರೊಬ್ಬರು ಕಾರ್ಯಕ್ರಮಾಧಿಕಾರಿಯಾಗಿ ಘಟಕವನ್ನು ನಡೆಸುತ್ತಾರೆ. ಕಾಲೇಜು ಹತ್ತಿರದ ಹಳ್ಳಿಯೊಂದನ್ನು ದತ್ತು ತೆಗೆದುಕೊಳ್ಳುತ್ತದೆ; ವರ್ಷಕ್ಕೊಮ್ಮೆ ಏಳು ದಿನಗಳ ವಿಶೇಷ ಶಿಬಿರ ನಡೆಯುತ್ತದೆ. ಶಿಬಿರಾರ್ಥಿಗಳು ಸರ್ಕಾರಿ ಶಾಲೆಯಲ್ಲೋ ಸಮುದಾಯ ಭವನದಲ್ಲೋ ತಂಗಿ, ಬೆಳಿಗ್ಗೆ ಶ್ರಮದಾನ ಮಾಡಿ, ಮಧ್ಯಾಹ್ನ ಉಪನ್ಯಾಸ ಕೇಳಿ, ಸಂಜೆ ಊರವರಿಗಾಗಿ ಸಾಂಸ್ಕೃತಿಕ ಕಾರ್ಯಕ್ರಮ ನೀಡುತ್ತಾರೆ. ಕೂಡಿ ಅಡುಗೆ ಮಾಡುವುದು, ಪಾಳಿಯ ಮೇಲೆ ಬಡಿಸುವುದು, ಜಾತಿ ಊರು ನೋಡದೆ ಒಂದೇ ಪಂಕ್ತಿಯಲ್ಲಿ ಉಣ್ಣುವುದು ಯಾವ ಪಠ್ಯಪುಸ್ತಕವೂ ಕಲಿಸದ ಪಾಠಗಳು. ಆದರೆ ಶಿಬಿರದಲ್ಲಿ ಚರಂಡಿ ತೆಗೆದ ವಿದ್ಯಾರ್ಥಿಯ ಓದಿಗೂ ಆ ಚರಂಡಿಗೂ ನಂಟು ಬೆಸೆಯದಿದ್ದರೆ ಸೇವೆ ಒಂದೆಡೆ, ಓದು ಇನ್ನೊಂದೆಡೆ ಉಳಿಯುತ್ತದೆ.

ಆ ನಂಟು ಬೆಸೆಯುವ ಬಗೆಗೆ ಕುಡಿಯುವ ನೀರು ಒಳ್ಳೆಯ ಉದಾಹರಣೆ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ, ಪಾವಗಡ, ಮುಂಡರಗಿಯಂಥ ತಾಲ್ಲೂಕುಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ ಮಾತ್ರ ಒಪ್ಪಿಗೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ ಹತ್ತುತ್ತದೆ, ದೊಡ್ಡವರ ಮೂಳೆ ಕೀಲುಗಳು ಸೆಟೆದುಕೊಳ್ಳುತ್ತವೆ.

ಇಂಥ ಊರಿನಲ್ಲಿ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಪ್ರತಿ ಬೋರ್‌ವೆಲ್ಲಿನ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಪರೀಕ್ಷಿಸಬಹುದು. ಭೂಗೋಳ ಓದುವವರು ಬೋರ್‌ವೆಲ್‌ಗಳನ್ನು ನಕ್ಷೆಯಲ್ಲಿ ಗುರುತಿಸಬಹುದು. ಒಂದರಲ್ಲಿ ಹೆಚ್ಚು, ಪಕ್ಕದ್ದರಲ್ಲಿ ಕಡಿಮೆ ಏಕೆ ಎಂಬ ಪ್ರಶ್ನೆ ಎದ್ದ ಕೂಡಲೇ ಪಾಠ ಕಲ್ಲಿನ ಬಗೆ, ಕೊರೆದ ಆಳ, ಅಂತರ್ಜಲ ಮರುಪೂರಣಗಳತ್ತ ತಾನಾಗಿ ಹರಡುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ ಎಂಬುದನ್ನು ಮನೆಯವರಿಗೆ ತಿಳಿಗನ್ನಡದಲ್ಲಿ ಹೇಳುವುದೂ ಒಂದು ವಿದ್ಯೆ. ಸಂದೇಹ ಮೂಡಿಸಿದ ಮಾದರಿಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಂಡು, ವರದಿಯನ್ನು ಗ್ರಾಮಸಭೆಯಲ್ಲಿ ಓದಿದಾಗ ಪಂಚಾಯಿತಿಯ ಕೈಗೆ ಆಧಾರ ಸಿಗುತ್ತದೆ. ತಮ್ಮ ಲೆಕ್ಕ ತಪ್ಪಿದರೆ ಅದರ ಫಲ ಉಣ್ಣುವವರು ಎದುರಿಗೇ ಕೂತಿದ್ದಾರೆ ಎಂಬ ಎಚ್ಚರ ವಿದ್ಯಾರ್ಥಿಗಳಲ್ಲಿ ಮೂಡುತ್ತದೆ.

ಬೇರೆ ವಿಷಯಗಳಿಗೂ ಇಂಥ ದಾರಿಗಳಿವೆ. 2002ರ ಜೀವವೈವಿಧ್ಯ ಕಾಯ್ದೆಯ ಆಶಯದಂತೆ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಸಿದ್ಧವಾಗುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಗಿಡಮರ, ತಳಿ, ಮೀನು, ಹಕ್ಕಿಗಳ ಬಗ್ಗೆ ಊರಿನ ಹಿರಿಯರು ಬಲ್ಲದ್ದನ್ನು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಬರೆದಿಡಬಹುದು. ಇಲ್ಲಿ ಗುರು ರೈತ, ಬೆಸ್ತ, ನಾಟಿ ವೈದ್ಯ. ಶಿಷ್ಯ ಪದವಿ ವಿದ್ಯಾರ್ಥಿ. ಕಾನೂನು ಕಾಲೇಜುಗಳು ಉಚಿತ ಕಾನೂನು ನೆರವು ಕೇಂದ್ರ ನಡೆಸುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1970ರ ದಶಕದ ಕೊನೆಯಿಂದಲೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ನೀಡುತ್ತ ಬಂದಿದೆ.

ಈ ಕ್ರಮಕ್ಕೆ ತೊಡಕುಗಳೂ ಇವೆ. ಸೆಮಿಸ್ಟರ್ ನಾಲ್ಕೈದು ತಿಂಗಳಲ್ಲಿ ಮುಗಿಯುತ್ತದೆ, ಊರಿನ ಸಮಸ್ಯೆ ಮುಗಿಯುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಸಮೀಕ್ಷೆಗೆ ಹೋದರೆ ಮನೆಯಲ್ಲಿ ಯಾರೂ ಇರುವುದಿಲ್ಲ. ಮಾಹಿತಿ ಕೊಟ್ಟ ಊರಿಗೆ ವರದಿ ಮರಳದಿದ್ದರೆ, ಮುಂದಿನ ತಂಡಕ್ಕೆ ಬಾಗಿಲು ಮುಚ್ಚುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1995ರಲ್ಲಿ ಆರಂಭಿಸಿದ ‘ಎಪಿಕ್ಸ್’ ಕಾರ್ಯಕ್ರಮ ಮೊದಲ ತೊಡಕಿಗೆ ಪರಿಹಾರ ತೋರಿಸಿದೆ. ಅಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡವೊಂದು ಸ್ಥಳೀಯ ಸಂಸ್ಥೆಯ ಜತೆ ವರ್ಷಗಳ ಕಾಲ ಕೆಲಸ ಮಾಡುತ್ತದೆ. ಕಿರಿಯರು ಸೇರುತ್ತಾರೆ, ಹಿರಿಯರು ಕಲಿಸಿ ಹೊರಡುತ್ತಾರೆ, ಕೆಲಸ ಮಾತ್ರ ನಿಲ್ಲುವುದಿಲ್ಲ.

ಈಗ ಸೇವೆಗೆ ಅಂಕದ ಮಾನ್ಯತೆಯೂ ಸಿಗುತ್ತಿದೆ. ಕೇಂದ್ರದ ಉನ್ನತ ಭಾರತ ಅಭಿಯಾನದಡಿ ಉನ್ನತ ಶಿಕ್ಷಣ ಸಂಸ್ಥೆಗಳು ಹಳ್ಳಿಗಳ ಗುಂಪನ್ನು ದತ್ತು ಪಡೆಯುತ್ತವೆ. ವಿಶ್ವವಿದ್ಯಾಲಯ ಅನುದಾನ ಆಯೋಗ ಸಮುದಾಯದೊಡನೆ ಒಡನಾಟಕ್ಕೆಂದೇ ಎರಡು ಕ್ರೆಡಿಟ್‌ಗಳ ಕೋರ್ಸು ರೂಪಿಸಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿಯ ಅವಧಿಯಲ್ಲಿ 100 ಚಟುವಟಿಕೆ ಅಂಕ ಗಳಿಸಬೇಕೆಂಬ ನಿಯಮವಿದೆ. ಇದರಿಂದ ಅಧ್ಯಾಪಕರ ಶ್ರಮಕ್ಕೆ, ವಿದ್ಯಾರ್ಥಿಗಳ ಸಮಯಕ್ಕೆ ಬೆಲೆ ಬಂದಿದೆ. ಆದರೆ ಬ್ಯಾನರ್ ಹಿಡಿದು ತೆಗೆಸಿದ ಫೋಟೊ ಮತ್ತು ತುಂಬಿಸಿದ ಗಂಟೆಗಳಿಗೇ ಅಂಕ ದಕ್ಕಿದರೆ ಉದ್ದೇಶವೇ ಸೋಲುತ್ತದೆ. ಅಂಕ ಕೊಡಬೇಕಾದ್ದು ವಿದ್ಯಾರ್ಥಿ ಬರೆದ ದಿನಚರಿಗೆ, ಕೇಳಿದ ಪ್ರಶ್ನೆಗಳಿಗೆ, ಊರಿಗೆ ಒಪ್ಪಿಸಿದ ವರದಿಗೆ, ತನ್ನ ವಿಷಯದ ಬಗ್ಗೆ ಹೊಸದಾಗಿ ಅರಿತದ್ದಕ್ಕೆ.

ಯಾವ ಕೆಲಸ ಬೇಕೆಂದು ಊರು ಹೇಳಬೇಕು, ಆ ಕೆಲಸ ಪಾಠದೊಡನೆ ಬೆಸೆಯಬೇಕು, ಮುಗಿದ ಮೇಲೆ ಕೂತು ಚಿಂತಿಸಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಕಲಿಕೆ ಅರೆಯಾಗುತ್ತದೆ. ಹೊಸ ಶಿಬಿರಕ್ಕೆ ಹೊಸ ಊರು ಹುಡುಕುವ ಮುನ್ನ ಪ್ರತಿ ಕಾಲೇಜೂ ಕಳೆದ ವರ್ಷದ ಊರಿಗೆ ಮರಳಿ ಹೋಗಲಿ. ತಾನು ಮಾಡಿದ ಕೆಲಸದಲ್ಲಿ ಏನು ಉಳಿದಿದೆ, ಏನು ಬಾಕಿಯಿದೆ ಎಂದು ಅಲ್ಲಿನವರನ್ನೇ ಕೇಳಲಿ. ಮುಂದಿನ ವರ್ಷದ ಪಾಠಯೋಜನೆ ಆ ಉತ್ತರದಿಂದಲೇ ಆರಂಭವಾಗಬೇಕು.