ದವಡೆ, ಕುತ್ತಿಗೆ ಬಿಗಿತಕ್ಕೆ ತೈಲಾಭ್ಯಂಗ: ಎಚ್ಚರವೂ ಇರಲಿ

ದಿನವಿಡೀ ಗಣಕಯಂತ್ರದ ಮುಂದೆ ದುಡಿಯುವವರಲ್ಲಿ ಕುತ್ತಿಗೆ ಬಿಗಿತ ಸಾಮಾನ್ಯ. ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ ದವಡೆ ನೋವೂ ಜತೆಗೂಡುತ್ತದೆ. ಆಯುರ್ವೇದವು ಕುತ್ತಿಗೆ ಬಿಗಿತವನ್ನು ‘ಮನ್ಯಾಸ್ತಂಭ’ವೆಂದೂ ದವಡೆ ಹಿಡಿದುಕೊಳ್ಳುವುದನ್ನು ‘ಹನುಗ್ರಹ’ವೆಂದೂ ಕರೆದು, ವಾತವ್ಯಾಧಿಗಳ ಸಾಲಿಗೆ ಸೇರಿಸಿದೆ. ಹಗಲುನಿದ್ರೆ, ಕುತ್ತಿಗೆಯನ್ನು ಓರೆಯಾಗಿ ಇರಿಸುವುದು ಮನ್ಯಾಸ್ತಂಭಕ್ಕೆ ಕಾರಣವೆನ್ನುತ್ತದೆ ಸುಶ್ರುತ ಸಂಹಿತೆ.

ಬಲಾ ಬೇರು, ಹಾಲು ಮತ್ತು ಎಳ್ಳೆಣ್ಣೆಯಿಂದ ಸಿದ್ಧಪಡಿಸುವ ಕ್ಷೀರಬಲಾ ತೈಲ ಹಾಗೂ ಮಹಾನಾರಾಯಣ ತೈಲ ಇದಕ್ಕೆ ಬಳಕೆಯಲ್ಲಿವೆ. ತೈಲದ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿಕೊಳ್ಳಬೇಕು. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಉಬ್ಬುವ ಸ್ನಾಯುವಿನ ಮೇಲೆ ಬೆರಳ ತುದಿಯಿಂದ ವೃತ್ತಾಕಾರವಾಗಿ, ಕತ್ತಿನ ಹಿಂಭಾಗದಿಂದ ಭುಜದತ್ತ ಅಂಗೈಯಿಂದ ಮೃದುವಾಗಿ ತಿಕ್ಕಬೇಕು. ಬಳಿಕ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ನೀಡಬೇಕು. ಕತ್ತಿನ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ತೈಲ ನಿಲ್ಲಿಸುವ ‘ಗ್ರೀವಾ ಬಸ್ತಿ’ಯನ್ನು ವೈದ್ಯರಲ್ಲಿಯೇ ಮಾಡಿಸಿಕೊಳ್ಳಬೇಕು.

ಕತ್ತಿನ ಮುಂಭಾಗ ಹಾಗೂ ಪಕ್ಕಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳಿರುವುದರಿಂದ ಅಲ್ಲಿ ಒತ್ತುವುದು ಸಲ್ಲದು. ನೆಟಿಕೆ ತೆಗೆಯಲು ಕತ್ತನ್ನು ಥಟ್ಟನೆ ತಿರುಗಿಸಿದರೆ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಉಂಟಾಗಬಹುದು. ಕ್ಷೌರದಂಗಡಿಯಲ್ಲಿ ಹೀಗೆ ಮಾಡಿಸಿಕೊಂಡ ಬಳ್ಳಾರಿಯ ಯುವಕನೊಬ್ಬ ಪಾರ್ಶ್ವವಾಯುವಿಗೆ ತುತ್ತಾದದ್ದು 2024ರಲ್ಲಿ ವರದಿಯಾಗಿತ್ತು.

ದವಡೆ ನೋವಿನೊಂದಿಗೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಕಂಡುಬಂದರೆ ಅದು ಹೃದಯಾಘಾತದ ಲಕ್ಷಣವಿರಬಹುದು. ಜ್ವರದೊಂದಿಗೆ ಕತ್ತು ಸೆಟೆದರೆ, ಕೈ ಜೋಮು ಹಿಡಿದರೆ, ಬಾಯಿ ತೆರೆಯಲಾಗದಿದ್ದರೆ ತೈಲ ಹುಡುಕುತ್ತ ಕೂರದೆ ಆಸ್ಪತ್ರೆಗೆ ಧಾವಿಸುವುದೇ ಕ್ಷೇಮ. ಅಭ್ಯಂಗವು ಬಿಗಿದ ಸ್ನಾಯುವನ್ನು ಸಡಿಲಿಸಬಲ್ಲುದು. ಬಿಗಿತದ ಮೂಲವಾದ ಭಂಗಿ, ಒತ್ತಡಗಳನ್ನು ನಾವೇ ತಿದ್ದಿಕೊಳ್ಳಬೇಕು.