ಅರಳು ಮರಳಿಗೆ ಮದ್ದುಂಟೆ?

ಉಂಡು ಕೈತೊಳೆದ ಮರುಗಳಿಗೆಯಲ್ಲೇ ‘ಇನ್ನೂ ಊಟಕ್ಕೆ ಕರೆಯಲಿಲ್ಲವಲ್ಲ’ ಎಂದು ಹಿರಿಯರು ಕೇಳುತ್ತಾರೆ. ಹುಟ್ಟಿ ಬೆಳೆದ ಓಣಿಯಲ್ಲೇ ಮನೆ ಯಾವುದೆಂದು ತಿಳಿಯದೆ ನಿಲ್ಲುತ್ತಾರೆ. ರೋಣ, ನರಗುಂದ, ಗಜೇಂದ್ರಗಡಗಳಲ್ಲಾಗಲಿ, ಬೆಂಗಳೂರಿನಲ್ಲಾಗಲಿ, ಮನೆಮಂದಿಯ ಬಾಯಲ್ಲಿ ಬರುವ ಮಾತು ಒಂದೇ: ‘ಅರವತ್ತಕ್ಕೆ ಅರಳು ಮರಳು.’ ಈ ಗಾದೆ ಮಾಡಿರುವ ಕೇಡು ಸಣ್ಣದಲ್ಲ. ಇಂಥ ಮರೆವು ಮುಪ್ಪಿನ ಸಹಜ ಧರ್ಮವಲ್ಲ, ರೋಗ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಆಲ್ಝೈಮರ್ ರೋಗ.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ಇದನ್ನು ಮೊದಲು ವಿವರಿಸಿದರು. ಮೆದುಳಿನ ಜೀವಕೋಶಗಳ ಹೊರಗೆ ಅಮಿಲಾಯಿಡ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ. ಒಳಗೆ ಟೌ ಎಂಬ ಇನ್ನೊಂದು ಸಿಕ್ಕುಸಿಕ್ಕಾಗುತ್ತದೆ. ಇಷ್ಟೇ ಆಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ತಾಮ್ರದಂಥ ಲೋಹದ ಅಣುಗಳು ಅಮಿಲಾಯಿಡ್‌ಗೆ ಅಂಟಿ ವಿಷಕಾರಕ ಕಣಗಳನ್ನು ಹುಟ್ಟಿಸುತ್ತವೆ, ಉರಿಯೂತ ಸೇರುತ್ತದೆ, ನರಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಕುಗ್ಗುತ್ತದೆ. 1996ರಿಂದ ಬಳಕೆಯಲ್ಲಿರುವ ಡೊನೆಪೆಜಿಲ್ ಮಾತ್ರೆ ಈ ಕೊನೆಯ ಕೊರತೆಯನ್ನಷ್ಟೇ ಸ್ವಲ್ಪಕಾಲ ತುಂಬುತ್ತದೆ. ಅಮಿಲಾಯಿಡ್ ತೊಳೆಯುವ ಲೆಕನೆಮ್ಯಾಬ್ 2023ರಲ್ಲಿ ಅಮೆರಿಕದ ಪೂರ್ಣ ಒಪ್ಪಿಗೆ ಪಡೆಯಿತು. ರೋಗದ ನಡಿಗೆ ತುಸು ನಿಧಾನವಾಯಿತು, ನಿಲ್ಲಲಿಲ್ಲ. ಮಾಳಿಗೆ ನಾಲ್ಕು ಕಡೆ ಸೋರುವಾಗ ಒಂದೇ ಕಡೆ ಬೋಗುಣಿ ಇಟ್ಟರೆ ಇನ್ನೇನಾದೀತು?

ಹಾಗಾದರೆ ಒಂದೇ ಅಣು ಹಲವು ಕೆಲಸ ಮಾಡಬಾರದೇಕೆ? ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಟಿ. ಗೋವಿಂದರಾಜು ಮತ್ತು ಸಂಗಡಿಗರು ಹಿಡಿದ ಹಾದಿ ಇದು. ಅವರು ಆರಿಸಿಕೊಂಡ ವಸ್ತು ಬರ್ಬೆರಿನ್, ನಮ್ಮ ಮರದರಿಶಿನಕ್ಕೆ ಹಳದಿ ಬಣ್ಣ ಕೊಡುವ ಸತ್ವ. (ಹೆಸರಿನಲ್ಲಿ ಮರವಿದ್ದರೂ ಪಶ್ಚಿಮಘಟ್ಟದ ಮರದರಿಶಿನ ಒಂದು ಬಳ್ಳಿ!) ಬರ್ಬೆರಿನ್ ನೀರಿನಲ್ಲಿ ಸರಿಯಾಗಿ ಕರಗದು, ಜೀವಕೋಶಗಳಿಗೆ ವಿಷವೂ ಹೌದು. ಆದುದರಿಂದ ಅದರ ರಚನೆಯನ್ನೇ ಬದಲಿಸಿ, ಹೈಡ್ರಾಕ್ಸಿಲ್ ಗುಂಪುಗಳನ್ನು ತಂದು, 2020ರಲ್ಲಿ ‘ಬರ್-ಡಿ’ ಎಂಬ ಸಂಯುಕ್ತವನ್ನು ಪ್ರಕಟಿಸಿದರು. ಇದು ನೀರಿನಲ್ಲಿ ಕರಗುತ್ತದೆ, ತಾಮ್ರದ ಕಾಟವನ್ನು ತಡೆಯುತ್ತದೆ, ಅಮಿಲಾಯಿಡ್ ಗಡ್ಡೆಗಟ್ಟದಂತೆ ನೋಡಿಕೊಳ್ಳುತ್ತದೆ, ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯವನ್ನು ಕಾಪಾಡುತ್ತದೆ.

ಆದರೆ ಇದೆಲ್ಲ ಪ್ರಯೋಗಶಾಲೆಯಲ್ಲಿ ಸಾಕಿದ ಜೀವಕೋಶಗಳ ಮಾತು. ಇದೇ ತಂಡದ ಇನ್ನೊಂದು ಅಣು ಟಿಜಿಆರ್-63 ಇಲಿಗಳಲ್ಲಿ ಅಮಿಲಾಯಿಡ್ ತಗ್ಗಿಸಿ ನೆನಪನ್ನು ಸುಧಾರಿಸಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ಬಲು ಕಡಿದು. ಇಸ್ರೇಲಿನಲ್ಲಿ ಹುಟ್ಟಿದ ಬಹುಗುರಿಯ ಔಷಧಿ ಲ್ಯಾಡೊಸ್ಟಿಜಿಲ್ ಮನುಷ್ಯರಲ್ಲಿ ಪರೀಕ್ಷೆಗೊಳಗಾಯಿತು; ರೋಗ ಬಲಿಯುವುದನ್ನು ಅದು ತಡೆಯಲಿಲ್ಲವೆಂಬ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹಲವು ಗುರಿಗೆ ತಕ್ಕ ಅಣುವನ್ನು ಚಿಕ್ಕದಾಗಿ ಇರಿಸಿ, ರಕ್ತ ಮತ್ತು ಮೆದುಳಿನ ನಡುವಣ ತಡೆಗೋಡೆ ದಾಟಿಸುವುದೇ ರಸಾಯನಜ್ಞರಿಗೆ ದೊಡ್ಡ ತಲೆನೋವು. ಮರದರಿಶಿನದ ಕಷಾಯ ಕುಡಿಸಿದರಾಯಿತೆಂದು ಯಾರೂ ಹೊರಡಬಾರದು. ಕಷಾಯದಲ್ಲಿರುವುದು ಬರ್ಬೆರಿನ್, ಬರ್-ಡಿ ಅಲ್ಲ.

ಮನೆಯವರು ಇಂದೇ ಮಾಡಬಹುದಾದ ಕೆಲಸ ಬೇರೆಯೇ ಇದೆ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ದೋಷ, ಖಿನ್ನತೆ ಇವುಗಳಿಂದಲೂ ನೆನಪು ಮಂಕಾಗುತ್ತದೆ. ಚಿಕಿತ್ಸೆ ಕೊಟ್ಟರೆ ಬಹಳಮಟ್ಟಿಗೆ ಮರಳುವುದೂ ಉಂಟು. ಮೊದಲೆರಡನ್ನು ರಕ್ತಪರೀಕ್ಷೆಯೇ ತೋರಿಸುತ್ತದೆ. ಮುಂದಿನ ತಪಾಸಣೆಗೆ ನರಗುಂದ, ರೋಣದ ಕಡೆಯವರು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನದ ಸರಕಾರಿ ಸಂಸ್ಥೆ ಧಾರವಾಡದಲ್ಲಿಯೇ ಇದೆ.